ಅಟ್ಟದಲ್ಲಿದ್ದ 486 ಕಂಪ್ಯೂಟರಿಗೆ ಮತ್ತೆ ವಿದ್ಯುತ್ ಕೊಡುವ ಮೊದಲು

ನಮಸ್ಕಾರ. ನೀವು ಕೇಳಿರುವುದು ಎರಡು ವಿಷಯ. ನಿಮ್ಮ ತಂದೆಯವರು 1994ರಲ್ಲಿ ಕೊಂಡ 486 ಕಂಪ್ಯೂಟರ್ (486 ಎಂಬುದು ಅದರ ಪ್ರೊಸೆಸರಿನ ಹೆಸರು) ಉಡುಪಿಯ ಮನೆಯ ಅಟ್ಟದಲ್ಲಿ ಹದಿನೆಂಟು ವರ್ಷಗಳಿಂದ ಹಾಗೆಯೇ ಇದೆ, ಅದರ ಹಾರ್ಡ್ ಡಿಸ್ಕಿನಲ್ಲಿ ಅವರು ಕನ್ನಡದಲ್ಲಿ ಬರೆದ ಲೇಖನಗಳಿವೆ. ಅದನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ನೋಡಬಹುದೇ? ಎರಡನೆಯದು, ಗುಜರಿಯಲ್ಲಿ ಸಿಕ್ಕಿದ ಸನ್ ಅಲ್ಟ್ರಾ 5 ಯಂತ್ರವನ್ನು (ಸನ್ ಕಂಪನಿಯ ಹಳೆಯ ವರ್ಕ್‌ಸ್ಟೇಷನ್ ಕಂಪ್ಯೂಟರ್) ಮನೆಯಲ್ಲಿ ಸರ್ವರ್ ಆಗಿ ಓಡಿಸಬಹುದೇ?

ಮೊದಲನೆಯದಕ್ಕೆ ಉತ್ತರ: ದಯವಿಟ್ಟು ಸಿಕ್ಕಿಸಬೇಡಿ. ಮುಚ್ಚಿಟ್ಟ ದಿನ ಅದು ಚೆನ್ನಾಗಿಯೇ ಓಡುತ್ತಿತ್ತು ಎಂಬುದು ಇಂದಿಗೆ ಭರವಸೆಯಾಗುವುದಿಲ್ಲ, ಏಕೆಂದರೆ ಇಂಥ ಯಂತ್ರಗಳಲ್ಲಿ ಕೆಲವು ಭಾಗಗಳು ಓಡುವಾಗ ಸವೆಯುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಕುಳಿತಾಗಲೇ ಕೆಡುತ್ತವೆ. ನನ್ನ ಕೈಗೆ ಬಂದ ಮೊದಲ 386 ಯಂತ್ರಕ್ಕೆ (486ರ ಹಿಂದಿನ ತಲೆಮಾರು) ನಾನು ಒಳಗೆ ನೋಡದೆಯೇ ಸ್ವಿಚ್ ಹಾಕಿದ್ದೆ. ಐದಾರು ನಿಮಿಷ ಎಲ್ಲವೂ ಸರಿಯಾಗಿತ್ತು, ಆಮೇಲೆ ಪವರ್ ಸಪ್ಲೈಯಿಂದ ಕಟು ಹೊಗೆ ಬಂತು, ಆ ಬೋರ್ಡ್ ಮತ್ತೆ ಏಳಲೇ ಇಲ್ಲ. ಅದರ ಡಿಸ್ಕಿನಲ್ಲಿ ಏನಿತ್ತು ಎಂಬುದನ್ನು ಅದರ ಒಡೆಯರಿಗೆ ತೋರಿಸಲು ನನ್ನಿಂದ ಆಗಲಿಲ್ಲ. ಆದ್ದರಿಂದ ನಾನು ಈಗ ಎಲ್ಲರಿಗೂ ಹೇಳುವುದು ಒಂದೇ ಕ್ರಮ: ಮೊದಲು ತೆರೆದು ನೋಡುವುದು, ಆಮೇಲೆ ಡಿಸ್ಕನ್ನು ನಕಲು ಮಾಡುವುದು, ಯಂತ್ರವನ್ನು ಎಬ್ಬಿಸುವುದು ಕೊನೆಗೆ. ಯಂತ್ರ ಇನ್ನೂ ಒಂದು ವರ್ಷ ಕಾಯಬಲ್ಲದು, ಡಿಸ್ಕ್ ಕಾಯದೆ ಇರಬಹುದು.

ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ಕೀಬೋರ್ಡಿನ ದುಂಡನೆಯ ಸಾಕೆಟ್ ಮದರ್‌ಬೋರ್ಡಿಗೆ ಸೇರುವ ಮೂಲೆಯನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಬೆರಳಿನ ತುದಿಯಷ್ಟು ದಪ್ಪದ, ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಉರುಳೆ ಇದ್ದರೆ ಅದು 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಯಂತ್ರ ಆರಿದ್ದಾಗ ಗಡಿಯಾರವನ್ನೂ ಸೆಟ್ಟಿಂಗ್‌ಗಳನ್ನೂ ಕಾಯುವುದು ಅದರ ಕೆಲಸ. ಇಷ್ಟು ವರ್ಷಗಳಲ್ಲಿ ಅದು ಸೋರದೆ ಇರುವುದು ಅಪರೂಪ. ಸೋರಿದ್ದರೆ ಅದರ ಬುಡದಿಂದ ಹಸಿರು-ನೀಲಿ ಕಿಲುಬು ಸುತ್ತಲಿನ ಚಿಪ್ಪುಗಳ ಕಾಲುಗಳವರೆಗೆ ಹರಡಿರುತ್ತದೆ, ಸೋಲ್ಡರಿನ ಹೊಳಪು ಹೋಗಿ ಬೂದಿಬಣ್ಣ ಬಂದಿರುತ್ತದೆ, ಹಸಿರು ಮೇಲ್ಪದರದ ಅಡಿಯಲ್ಲಿ ತಾಮ್ರದ ಗೆರೆಗಳು ಕಪ್ಪಾಗಿರುತ್ತವೆ. ಸೋರುವ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಆದಕಾರಣ ಅದನ್ನು ತಣಿಸಲು ಆಮ್ಲ ಬೇಕು. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಹುಣಸೆಹಣ್ಣು ಉಜ್ಜುವುದು ನಮ್ಮ ಮನೆಗಳ ರೂಢಿ, ಆದರೆ ಹುಣಸೆಯ ಅಂಟು ಬೋರ್ಡಿನ ಸಂದುಗಳಲ್ಲಿ ಉಳಿದುಬಿಡುತ್ತದೆ. ಬಿಳಿ ವಿನಿಗರ್ ಸಾಕು. ಬ್ಯಾಟರಿಯನ್ನು ಮೊದಲು ಕತ್ತರಿಸಿ ತೆಗೆದು, ಹಳೆಯ ಟೂತ್‌ಬ್ರಷ್ಷಿನಿಂದ ವಿನಿಗರ್ ಹಚ್ಚಿ, ನೊರೆ ಅಡಗುವವರೆಗೆ ಉಜ್ಜಿ, ಶುದ್ಧ ನೀರಿನಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಎರಡು ದಿನ ಒಣಗಲು ಬಿಡಿ. ಕೈಗವಸು ಹಾಕಿಕೊಳ್ಳಿ.

ತೊಳೆದ ಮೇಲೆ ಮಲ್ಟಿಮೀಟರನ್ನು ಬೀಪ್ ಕೊಡುವ ಸ್ಥಾನದಲ್ಲಿಟ್ಟು, ಕಪ್ಪಾಗಿದ್ದ ಪ್ರತಿಯೊಂದು ಗೆರೆಯ ಎರಡು ತುದಿಗಳನ್ನೂ ಮುಟ್ಟಿ ನೋಡಬೇಕು. ಈ ಮೂಲೆಯಲ್ಲೇ ಕೀಬೋರ್ಡ್ ಕಂಟ್ರೋಲರ್ ಇರುವುದರಿಂದ, ಸೋರಿದ ಬೋರ್ಡುಗಳು ಹೆಚ್ಚಾಗಿ ಕೀಬೋರ್ಡ್ ದೋಷವಿದೆ ಎಂದು ಹೇಳಿ ನಿಂತುಬಿಡುತ್ತವೆ. ಜನ ನಾಲ್ಕು ಕೀಬೋರ್ಡ್ ಬದಲಿಸಿ ನೋಡುತ್ತಾರೆ, ತುಂಡಾಗಿರುವುದು ಮಾತ್ರ ಕೂದಲಿನಷ್ಟು ಸಣ್ಣ ಒಂದು ತಾಮ್ರದ ಗೆರೆ. ಅದಕ್ಕೆ ಸಮಾನಾಂತರವಾಗಿ ತೆಳುವಾದ ಎನಾಮಲ್ ತಂತಿಯನ್ನು ಬೆಸೆದರೆ ಬೋರ್ಡ್ ಮತ್ತೆ ಸರಿಹೋಗುತ್ತದೆ. ಹೊಸ ಬ್ಯಾಟರಿಯನ್ನು ಅದೇ ಜಾಗದಲ್ಲಿ ಕೂರಿಸಬೇಡಿ. ಹೆಚ್ಚಿನ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದು ನಾಲ್ಕು ಪಿನ್ನುಗಳ ಜಾಗ ಇರುತ್ತದೆ. ತಂತಿ ಎಳೆದು ಬ್ಯಾಟರಿಯನ್ನು ಬೋರ್ಡಿನಿಂದ ದೂರ ಕಟ್ಟಿ. ಲಿಥಿಯಂ ಕಾಯಿನ್ ಸೆಲ್ ಬಳಸುವುದಾದರೆ ನಡುವೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರಲೇಬೇಕು, ಇಲ್ಲದಿದ್ದರೆ ಬೋರ್ಡು ಅದನ್ನು ಚಾರ್ಜ್ ಮಾಡಲು ಹೋಗುತ್ತದೆ.

ಇನ್ನು ಪವರ್ ಸಪ್ಲೈ. ಆ ಕಾಲದ ಎಟಿ ಮಾದರಿಯಲ್ಲಿ ಮುಂದಿನ ಗುಂಡಿಯವರೆಗೂ ದಪ್ಪ ಕೇಬಲ್‌ನಲ್ಲಿ ನೇರವಾಗಿ 230 ವೋಲ್ಟ್ ಬರುತ್ತದೆ. ಕ್ಯಾಬಿನೆಟ್ ತೆರೆದಿರುವಾಗ ಆ ಗುಂಡಿಯ ಹಿಂಭಾಗವನ್ನು ಮುಟ್ಟುವಂತಿಲ್ಲ. ಹಿಂಬದಿಯ 115/230 ಸ್ವಿಚ್ 230ರಲ್ಲಿದೆಯೇ ಎಂದು ನೋಡಿ. ಸಪ್ಲೈ ಡಬ್ಬಿಯೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ (ವಿದ್ಯುತ್ ಹಿಡಿದಿಡುವ ಭಾಗಗಳು) 320 ವೋಲ್ಟಿನಷ್ಟು ಶೇಖರವಾಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿಯುತ್ತದೆ. ಈ ಕೆಲಸದ ಅನುಭವ ಇಲ್ಲದಿದ್ದರೆ ಆ ಡಬ್ಬಿಯನ್ನು ನೀವೇ ತೆರೆಯಬೇಡಿ, ಟಿವಿ ರಿಪೇರಿ ಬಲ್ಲ ಹಳಬರಿಗೆ ಕೊಡಿ. ಅವರಿಗೆ ಹೇಳಬೇಕಾದದ್ದು ಎರಡು. ವಿದ್ಯುತ್ ಒಳಬರುವ ಕಡೆ ಹಳದಿ ಪಾರದರ್ಶಕ ಹೊದಿಕೆಯ, ಕಾಗದದ ಪದರಗಳ ಕೆಪಾಸಿಟರ್ ಇದ್ದು ಅದರ ಮೇಲೆ ಸಣ್ಣ ಬಿರುಕುಗಳಿದ್ದರೆ ಪ್ರಶ್ನೆಯಿಲ್ಲದೆ ಬದಲಿಸಬೇಕು, ಏಕೆಂದರೆ ಬಿರುಕಿನೊಳಗೆ ತೇವ ಹೋಗಿ ಅದು ಹೊಗೆಯಾಗುತ್ತದೆ. ನನ್ನ 386ರಲ್ಲಿ ಹೊಗೆಯಾದದ್ದು ಅದೇ, ಕರಾವಳಿಯ ಗಾಳಿಯಲ್ಲಿ ಆ ಅಪಾಯ ಇನ್ನೂ ಹೆಚ್ಚು. ಎರಡನೆಯದಾಗಿ, ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಬುಡದಲ್ಲಿ ಕಂದು ಕಲೆಯೋ ಮೀನಿನಂಥ ವಾಸನೆಯೋ ಇದ್ದರೆ ಅವೂ ಹೋದವೆಂದೇ ಅರ್ಥ. ಬದಲಿ ಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಸಪ್ಲೈಯನ್ನು ಮದರ್‌ಬೋರ್ಡಿಗೆ ಸೇರಿಸದೆಯೇ ಪರೀಕ್ಷಿಸಬೇಕು, ಆದರೆ ಲೋಡ್, ಅಂದರೆ ವಿದ್ಯುತ್ ಎಳೆಯುವ ಏನಾದರೊಂದು, ಇಲ್ಲದೆ ಅಲ್ಲ. ಹಳೆಯ ಸಪ್ಲೈಗಳು ಲೋಡ್ ಇಲ್ಲದಿದ್ದರೆ ಸರಿಯಾದ ವೋಲ್ಟೇಜ್ ತೋರಿಸುವುದಿಲ್ಲ. ನಾನು ವಾಹನದ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಕೆಂಪು ಮತ್ತು ಕಪ್ಪು ತಂತಿಗಳ ನಡುವೆ ಹಾಕುತ್ತೇನೆ. ಗೋಡೆಯ ಕಡೆಯಿಂದ ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡಿನಲ್ಲಿ (ಬಲ್ಬಿನ ಮೂಲಕವೇ ವಿದ್ಯುತ್ ಹಾಯಿಸುವ ಹಲಗೆ) 100 ವ್ಯಾಟಿನ ಹಳೆಯ ತಂತಿಬಲ್ಬ್ ಇಟ್ಟುಕೊಳ್ಳಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು, ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ಕೆಂಪು ತಂತಿಯಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಬಂದರೆ ಮುಂದುವರಿಯಬಹುದು. ಬೋರ್ಡಿಗೆ ಹೋಗುವ ಎರಡು ಕನೆಕ್ಟರುಗಳನ್ನು ಪಿ8, ಪಿ9 ಎನ್ನುತ್ತಾರೆ. ಅವು ಒಂದರ ಜಾಗಕ್ಕೆ ಇನ್ನೊಂದು ಕೂತುಬಿಡುತ್ತವೆ, ಹಾಗೆ ಕೂತರೆ ಬೋರ್ಡ್ ಸುಡುತ್ತದೆ. ಕಪ್ಪು ತಂತಿಗಳು ನಡುವೆ ಒಟ್ಟಿಗೆ ಇರಬೇಕು ಎಂಬುದನ್ನು ನೆನಪಿಡಿ. ನೆಲದ ಅರ್ಥಿಂಗ್ ಇಲ್ಲದ ಸಾಕೆಟ್ ಬಳಸಬೇಡಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದಿರುವುದರ ಲಕ್ಷಣ.

ಈಗ ಮುಖ್ಯವಾದ ವಿಷಯ, ಡಿಸ್ಕ್. ಅದನ್ನು ಈ ಯಂತ್ರದಲ್ಲಿ ಓಡಿಸಲೇಬೇಡಿ. ಹೊರತೆಗೆದು, ಮೇಲಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಸಂಖ್ಯೆ ಇರುತ್ತದೆ, ಬ್ಯಾಟರಿ ಸತ್ತ ಬಯಾಸ್ (ಯಂತ್ರವನ್ನು ಆರಂಭಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಆ ಸಂಖ್ಯೆಗಳನ್ನು ಮರೆತಿರುತ್ತದೆ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ-ಐಡಿಇ ಅಡಾಪ್ಟರಿಗೆ (ಐಡಿಇ ಎಂದರೆ ಆ ಕಾಲದ ಡಿಸ್ಕ್ ಜೋಡಣೆಯ ಕ್ರಮ) ಸಿಕ್ಕಿಸಿದಾಗ ಡಿಸ್ಕ್ ಕಾಣದಿದ್ದರೆ ಗಾಬರಿಯಾಗಬೇಡಿ: ಇಂಥ ಅನೇಕ ಅಡಾಪ್ಟರುಗಳಿಗೆ ಎಲ್‌ಬಿಎ ಎಂಬ, ಸೆಕ್ಟರ್‌ಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ವಿಳಾಸಕ್ರಮ ಬೇಕು, ಆ ಕಾಲದ ಕೆಲವು ಡಿಸ್ಕುಗಳಿಗೆ ಅದು ಗೊತ್ತೇ ಇಲ್ಲ. ನಿಜವಾದ ಐಡಿಇ ಪೋರ್ಟ್ ಇರುವ, 2000ದ ಆಸುಪಾಸಿನ ಕಂಪ್ಯೂಟರೊಂದರಲ್ಲಿ ಲಿನಕ್ಸ್ ಹಾಕಿ ಅದಕ್ಕೆ ಜೋಡಿಸಿದರೆ ಕೆಲಸವಾಗುತ್ತದೆ. ಅಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಬಿಂಬ, ಅಂದರೆ ಒಂದೇ ಕಡತವಾಗಿ ಪೂರ್ತಿ ನಕಲು, ತೆಗೆಯಿರಿ, ಕಡತಗಳನ್ನು ಒಂದೊಂದಾಗಿ ನಕಲಿಸುತ್ತ ಕೂರಬೇಡಿ. ಅದು ಚೆನ್ನಾಗಿ ಓದಲು ಬರುವ ಭಾಗವನ್ನು ಮೊದಲು ಮುಗಿಸಿ, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ನಕ್ಷೆಯನ್ನೂ ಬರೆದಿಡುತ್ತದೆ, ಹಾಗಾಗಿ ನಡುವೆ ನಿಂತರೂ ನಷ್ಟವಿಲ್ಲ. ಡಿಸ್ಕ್ ತಿರುಗುವ ಸದ್ದೇ ಬರದಿದ್ದರೆ ಹೆಡ್ಡುಗಳು (ಓದುವ ಭಾಗಗಳು) ಒಳಗಿನ ತಟ್ಟೆಗೆ ಅಂಟಿಕೊಂಡಿರಬಹುದು. ವಿದ್ಯುತ್ ಬರುವ ಗಳಿಗೆಯಲ್ಲಿ ಡಿಸ್ಕನ್ನು ಸಮತಲದಲ್ಲಿ ಹಿಡಿದು ಕೀಲಿ ತಿರುಗಿಸಿದಂತೆ ಚುರುಕಾಗಿ ತುಸು ತಿರುಗಿಸಿದರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ. ಹಾಗೆ ಎದ್ದ ಡಿಸ್ಕನ್ನು ನಕಲು ಮುಗಿಯುವವರೆಗೆ ಆರಿಸಬೇಡಿ, ಎರಡನೆಯ ಅವಕಾಶ ಸಿಗದಿರಬಹುದು.

ಪ್ರತಿಬಿಂಬ ಕೈಗೆ ಬಂದ ಮೇಲೆ ಯಂತ್ರದ ಸರದಿ. ಬೋರ್ಡ್, ಮೆಮೊರಿ, ಡಿಸ್ಪ್ಲೇ ಕಾರ್ಡ್, ಸ್ಪೀಕರ್ ಇಷ್ಟನ್ನೇ ಇಟ್ಟು ಸ್ವಿಚ್ ಹಾಕಿ. ಮೂವತ್ತು ಪಿನ್ನಿನ ಮೆಮೊರಿ ಪಟ್ಟಿಗಳಾದರೆ 486ರಲ್ಲಿ ನಾಲ್ಕರ ಗುಂಪಾಗಿಯೇ ಇರಬೇಕು. ಎಎಂಐ ಕಂಪನಿಯ ಬಯಾಸ್ ಮೂರು ಬೀಪ್ ಕೊಟ್ಟರೆ ಮೆಮೊರಿಯನ್ನೂ, ಎಂಟು ಬೀಪ್ ಕೊಟ್ಟರೆ ಡಿಸ್ಪ್ಲೇ ಕಾರ್ಡನ್ನೂ ಕಿತ್ತು ಅಂಚುಗಳನ್ನು ಆಲ್ಕೋಹಾಲಿನಿಂದ ಒರೆಸಿ ಮತ್ತೆ ಕೂರಿಸಿ. ಮಲೆನಾಡು, ಕರಾವಳಿಯ ಯಂತ್ರಗಳಲ್ಲಿ ನಾನು ಕಂಡ ಅರ್ಧದಷ್ಟು ದೋಷಗಳು ಇಷ್ಟರಲ್ಲೇ ಮುಗಿದಿವೆ. ಹಳೆಯ ಡಿಸ್ಕನ್ನು ವಿಶ್ರಾಂತಿಗೆ ಇಟ್ಟು, ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಮೆಮೊರಿ ಕಾರ್ಡನ್ನು ಐಡಿಇ ಅಡಾಪ್ಟರಿನಲ್ಲಿ ಹಾಕಿ ಆ ಕಾಲದ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ 6.22 ಅನ್ನು ಅದರ ಮೇಲೆ ಓಡಿಸಿ. ಬಯಾಸ್ 504 ಎಂಬಿಗಿಂತ ಹೆಚ್ಚನ್ನು ಕಾಣದಿದ್ದರೆ ಅದು ಆ ಕಾಲದ ಮಿತಿ, ಕಾರ್ಡಿನ ತಪ್ಪಲ್ಲ.

ಸನ್ ಅಲ್ಟ್ರಾ 5 ಯಂತ್ರದ ರೋಗವೂ ಬ್ಯಾಟರಿಯದೇ, ಆದರೆ ಅಲ್ಲಿ ಅದು ಸೋರುವುದಿಲ್ಲ. 1998ರಲ್ಲಿ ಬಂದ ಈ ಯಂತ್ರದ ಗಡಿಯಾರದ ಚಿಪ್ಪಿನೊಳಗೇ ಸೆಲ್ ಹುದುಗಿದೆ. ಅದು ಸತ್ತಾಗ ಯಂತ್ರ ತನ್ನ ಗುರುತನ್ನೇ ಮರೆತು, ಐಡಿಪ್ರಾಮ್ (ಆ ಗುರುತಿನ ದಾಖಲೆ) ಸರಿಯಿಲ್ಲ ಎಂದು ಹೇಳಿ, ನೆಟ್‌ವರ್ಕ್ ವಿಳಾಸದ ಜಾಗದಲ್ಲಿ ಬರೀ ಎಫ್‌ಎಫ್ ತೋರಿಸುತ್ತದೆ. ಚಿಪ್ ಸಾಕೆಟ್ಟಿನಲ್ಲಿ ಕೂತಿರುವುದರಿಂದ ಬದಲಿಸುವುದು ಸುಲಭ, ಆಮೇಲೆ ಓಕೆ ಪ್ರಾಂಪ್ಟಿನಲ್ಲಿ (ಯಂತ್ರ ಆರಂಭದಲ್ಲಿ ಆದೇಶ ಕೇಳುವ ಸಾಲು) ವಿಳಾಸವನ್ನು ಮತ್ತೆ ಬರೆಯಬಹುದು. ಸನ್ ಯಂತ್ರಗಳ ವಿಳಾಸ 08:00:20ರಿಂದ ಆರಂಭವಾಗುತ್ತದೆ. ಸನ್ ಕೀಬೋರ್ಡ್ ಸಿಕ್ಕದಿದ್ದರೂ ಚಿಂತೆಯಿಲ್ಲ, ಕೀಬೋರ್ಡ್ ಇಲ್ಲದಾಗ ಅದು ಸೀರಿಯಲ್ ಪೋರ್ಟಿನಲ್ಲಿ 9600 ವೇಗದಲ್ಲಿ ಮಾತನಾಡುತ್ತದೆ. ನೆಟ್‌ಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಮನೆಯೊಳಗಿನ ಜಾಲಕ್ಕಷ್ಟೇ ಬಳಸಿ. ಅದರಲ್ಲಿರಬಹುದಾದ ಹಳೆಯ ಸೊಲಾರಿಸ್‌ಗೆ (ಸನ್ ಕಂಪನಿಯದೇ ಆಪರೇಟಿಂಗ್ ಸಿಸ್ಟಮ್) ಮಾತ್ರ ಇಂಟರ್ನೆಟ್ಟಿನ ದಾರಿ ತೆರೆಯಬೇಡಿ. ನೂರು ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ 72 ಯೂನಿಟ್ ಆಗುತ್ತದೆ. ನಾನಾದರೆ ಕೆಲಸವಿದ್ದಾಗ ಮಾತ್ರ ಹಾಕುತ್ತೇನೆ.

ಕೊನೆಗೆ ತಂದೆಯವರ ಲೇಖನಗಳು. ಕಡತ ತೆರೆದಾಗ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಂಡರೆ ಹಾಳಾಗಿದೆ ಎಂದುಕೊಳ್ಳಬೇಡಿ. ಅವರು ಡಾಸ್‌ನಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆಯ, ಭಾರತೀಯ ಲಿಪಿಗಳನ್ನು ತೋರಿಸುವ ಜಿಸ್ಟ್ ಕಾರ್ಡ್ ಬಳಸಿದ್ದರೆ ಅದು ಇಸ್ಕಿ ಎಂಬ ಅಕ್ಷರ ಸಂಕೇತ, 1991ರಲ್ಲಿ ಭಾರತೀಯ ಮಾನಕವಾದದ್ದು. ಇಂದು ಎಲ್ಲೆಡೆ ಬಳಸುವ ಸಂಕೇತವಾದ ಯೂನಿಕೋಡಿನ ಕನ್ನಡ ವಿಭಾಗದ ಅಕ್ಷರಕ್ರಮ ಇಸ್ಕಿಯ ಹಿಂದಿನ ಆವೃತ್ತಿಯನ್ನೇ ಆಧರಿಸಿದ್ದರಿಂದ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಪರಿವರ್ತನೆಯಾಗುತ್ತದೆ. ವಿಂಡೋಸ್ ಇದಕ್ಕೆ 57008 ಎಂಬ ಕೋಡ್ ಪೇಜ್ (ಸಂಕೇತಗಳ ಪಟ್ಟಿ) ಇಟ್ಟಿದೆ. ವಿಂಡೋಸ್ 3.1ರಲ್ಲಿ ಕನ್ನಡ ಫಾಂಟ್ ಹಾಕಿ ಬರೆದಿದ್ದರೆ ಪ್ರತಿ ಫಾಂಟಿಗೂ ಅದರದೇ ಸಂಕೇತ. ಆಗ ಪ್ರತಿಬಿಂಬದ ವಿಂಡೋಸ್ ಫೋಲ್ಡರಿನ ಸಿಸ್ಟಮ್ ಭಾಗದಲ್ಲಿರುವ ಟಿಟಿಎಫ್ ಎಂಬ ಫಾಂಟ್ ಕಡತಗಳನ್ನು ಮೊದಲು ಜೋಪಾನ ಮಾಡಿ, ಆ ಫಾಂಟ್ ಇಲ್ಲದೆ ಬರಹ ಓದಲಾಗದು. ಯಾವುದೆಂದು ತಿಳಿಯದಿದ್ದರೆ ಒಂದು ಕಡತದ ಮೊದಲ ಇನ್ನೂರು ಬೈಟುಗಳನ್ನು ಈ ಉತ್ತರದ ಕೆಳಗೆ ಹಾಕಿ. ಬಹುಪಾಲು ಬೈಟುಗಳು 160ಕ್ಕಿಂತ ಮೇಲಿದ್ದು, ನಡುನಡುವೆ 232 ಮತ್ತೆ ಮತ್ತೆ ಬರುತ್ತಿದ್ದರೆ ಅದು ಇಸ್ಕಿಯೇ ಇರಬಹುದು, ಆ ಸಂಖ್ಯೆ ಒತ್ತಕ್ಷರಗಳನ್ನು ಕೂಡಿಸುವ ಹಲಂತದ್ದು.