ತೀರ್ಪು ಮಾಡಬಾರದು ಅಂದರೆ ತಪ್ಪನ್ನು ತಪ್ಪು ಅನ್ನಬಾರದು ಅಂತಲೇ?

ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಎರಡು. "ತೀರ್ಪು ಮಾಡಬೇಡಿ ಅಂತ ಯೇಸುಸ್ವಾಮಿ ಹೇಳಿದ್ದಾರೆ, ಹಾಗಾದರೆ ಭಾವ ಕುಡಿದು ಬಂದು ಅಕ್ಕನ ಮೇಲೆ ಕೈ ಮಾಡಿದರೂ ಸುಮ್ಮನಿರಬೇಕಾ?" ಅನ್ನುವುದು ಮೊದಲನೆಯದು. ಎರಡನೆಯದನ್ನು ಕೊನೆಯ ಸಾಲಿನಲ್ಲಿ ಹೇಳಿಯೂ ಹೇಳದ ಹಾಗೆ ಸೇರಿಸಿದ್ದೀರಿ: "ಬೇರೆಯವರನ್ನು ಹೇಗೋ ಬಿಟ್ಟುಬಿಡಬಹುದು, ನನ್ನನ್ನು ನಾನು ಬಿಡೋಕೆ ಆಗ್ತಿಲ್ಲ."

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸುಮ್ಮನಿರಬೇಡಿ. ಅಕ್ಕನನ್ನು ಮನೆಗೆ ಕರೆದುಕೊಂಡು ಬನ್ನಿ, ಹೊಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಎತ್ತಿದ ಕೈಯನ್ನು ಹಿಡಿದು ನಿಲ್ಲಿಸುವುದು ತೀರ್ಪಲ್ಲ. ಏಟು ತಿಂದವರ ಬಾಯಿ ಮುಚ್ಚಿಸಲು ಇದೇ ವಾಕ್ಯವನ್ನು ಹೇಳುವವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಅದೇ ಅಧ್ಯಾಯವನ್ನು, ಮತ್ತಾಯ 7ನ್ನು, ಇನ್ನು ನಾಲ್ಕು ಸಾಲು ಮುಂದಕ್ಕೆ ಓದಿ ಅನ್ನಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ನಿನ್ನ ಸಹೋದರನ ಕಣ್ಣಿನ ರವೆ ತೆಗೆಯಲು ಚೆನ್ನಾಗಿ ಕಾಣಿಸುತ್ತದೆ ಅಂತ ಅಲ್ಲಿದೆ. ರವೆಯನ್ನು ತೆಗೆಯಲೇ ಬೇಡ ಅಂತ ಎಲ್ಲೂ ಇಲ್ಲ.

ಎರಡನೆಯದು ಸುಲಭದ್ದಲ್ಲ. ನಾನು ದೇವಶಾಸ್ತ್ರ ಓದಿದವಳಲ್ಲ, ಮೈಸೂರಿನಲ್ಲಿ ಒಂದು ಅಂಗಡಿಗೆ ಲೆಕ್ಕ ಬರೆಯುವವಳು. ನನ್ನದೇ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಚರ್ಚಿನ ಹೆಂಗಸರು ಇಪ್ಪತ್ತು ಜನ ಸೇರಿ ಚೀಟಿ ಹಾಕಿದ್ದೆವು. ತಿಂಗಳಿಗೆ ತಲಾ ಐನೂರು, ಒಟ್ಟು ಹತ್ತು ಸಾವಿರ. ಪುಸ್ತಕ ನನ್ನದು. ಹಣ ಇಡುತ್ತಿದ್ದ ಡಬ್ಬಿಗೆ ಎರಡು ಬೀಗದಕೈ, ಒಂದು ನನ್ನ ಹತ್ತಿರ, ಇನ್ನೊಂದು ಇನ್ನೊಬ್ಬ ಹೆಂಗಸಿನ ಹತ್ತಿರ. ಒಂದು ಭಾನುವಾರ ಪೂಜೆ ಮುಗಿಸಿ ಎಣಿಸಿದರೆ ಏಳೂವರೆ ಸಾವಿರ. ಮತ್ತೆ ಎಣಿಸಿದೆವು, ಅಷ್ಟೇ. ನಾನು ಯಾರನ್ನೂ ಕಳ್ಳಿ ಅನ್ನಲಿಲ್ಲ. ಅಂದದ್ದು ಇಷ್ಟೇ: "ಬೀಗದಕೈ ಇರೋದು ಇಬ್ಬರ ಹತ್ತಿರ. ನಾನಂತೂ ತೆಗೆದಿಲ್ಲ."

ಎಷ್ಟು ಅಚ್ಚುಕಟ್ಟಾದ ಮಾತು ನೋಡಿ. ಒಂದಕ್ಷರ ಸುಳ್ಳಿಲ್ಲ. ಆ ಹೆಂಗಸು ಸೆರಗಿನ ಗಂಟು ಬಿಚ್ಚಿ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು, ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಮುಂದಿನ ಭಾನುವಾರದಿಂದ ನಮ್ಮ ಚರ್ಚಿಗೆ ಬರಲಿಲ್ಲ. ಎರಡೂವರೆ ಸಾವಿರ ಯಾರು ತೆಗೆದರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅವರೇ ತೆಗೆದಿರಬಹುದು. ಹಿಂದಿನ ವಾರ ನಾನೇ ಎಣಿಸುವಾಗ ತಪ್ಪಿರಬಹುದು, ಯಾಕೆಂದರೆ ಅವತ್ತು ಮಗಳಿಗೆ ಜ್ವರ, ಅವಸರದಲ್ಲಿದ್ದೆ.

ಆಮೇಲೆ ಶುರುವಾಯಿತು ನನ್ನ ಗೋಳು. ಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುತ್ತೇವಲ್ಲ, ಆ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬೀಗದಕೈ ಇಟ್ಟ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಪಾಪನಿವೇದನೆ ಮಾಡಿದೆ. ತಿಂಗಳಾದ ಮೇಲೆ ಅದನ್ನೇ ಮತ್ತೆ ಮಾಡಿದೆ. ನಾಲ್ಕನೇ ಸಲ ಒಬ್ಬ ವಯಸ್ಸಾದ ಫಾದರ್ ಸಿಕ್ಕರು. ಕೇಳಿಸಿಕೊಂಡು, "ಇದನ್ನ ಮೊದಲು ಹೇಳಿದ್ದೀರೇನಮ್ಮಾ?" ಅಂದರು. ಮೂರು ಸಲ ಅಂದೆ. "ಮೂರು ಸಲ ಕ್ಷಮೆ ಆಗಿದೆ, ನೀವು ಮೂರು ಸಲವೂ ಅಪೀಲು ಹಾಕಿದ್ದೀರಿ. ಯಾವ ಕೋರ್ಟಿಗೆ ಹಾಕ್ತಿದ್ದೀರಿ?"

ನನಗೆ ಸಿಟ್ಟೇ ಬಂತು. ಪಶ್ಚಾತ್ತಾಪ ಪಡುವವಳಿಗೆ ಹೀಗನ್ನುವುದೇ ಅನಿಸಿತು. ಸಿಟ್ಟು ಇಳಿದ ಮೇಲೆ ಹೊಳೆಯಿತು. ಆ ಹೆಂಗಸನ್ನು ಕಟಕಟೆಯಿಂದ ಇಳಿಸಿ ನಾನೇ ಹತ್ತಿ ನಿಂತಿದ್ದೆ ನಿಜ. ಆದರೆ ಜಡ್ಜಿನ ಕುರ್ಚಿಯಲ್ಲಿ ಆಗ ಕೂತಿದ್ದವಳೂ ನಾನು, ಈಗ ಕೂತಿರುವವಳೂ ನಾನೇ.

ಈ ಕುರ್ಚಿಯ ವಿಷಯವನ್ನು ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಎತ್ತುತ್ತಾನೆ. ಆ ಸಭೆಯಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಬೋಧಕನ ಹೆಸರು ಹಿಡಿದು, ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಅಂತ ಗುಂಪುಗಾರಿಕೆ ನಡೆದಿತ್ತು. (ನಮ್ಮಲ್ಲಿ ಫಾದರ್ ಬದಲಾದಾಗಲೆಲ್ಲ ನಡೆಯುವುದೂ ಅದೇ, ಬಿಡಿ.) ನೀವು ನನ್ನನ್ನು ವಿಚಾರಿಸಿದರೂ ಅಷ್ಟೇ, ಮನುಷ್ಯರ ನ್ಯಾಯಸ್ಥಾನ ವಿಚಾರಿಸಿದರೂ ಅಷ್ಟೇ, ನನಗದು ದೊಡ್ಡದಲ್ಲ ಅನ್ನುತ್ತಾನೆ. ಇಷ್ಟನ್ನು ಯಾವ ಸೊಕ್ಕಿನವನೂ ಹೇಳಿಯಾನು. ಮುಂದಿನ ಮಾತು ಸೊಕ್ಕಿನವನ ಬಾಯಲ್ಲಿ ಬರುವಂಥದ್ದಲ್ಲ: ನನ್ನನ್ನು ನಾನೂ ವಿಚಾರಿಸಿಕೊಳ್ಳುವುದಿಲ್ಲ. ನನ್ನ ಮನಸ್ಸಾಕ್ಷಿಗೆ ಯಾವ ತಪ್ಪೂ ಕಾಣುತ್ತಿಲ್ಲ, ಹಾಗಂತ ನಾನು ನಿರ್ದೋಷಿ ಅಂತಾಗಲಿಲ್ಲ, ನನ್ನನ್ನು ವಿಚಾರಿಸುವವನು ಪ್ರಭು. ಆದ್ದರಿಂದ ಕಾಲಕ್ಕೆ ಮೊದಲೇ ತೀರ್ಪು ಮಾಡಬೇಡಿ.

ಇಲ್ಲಿ ಮೂಲ ಗ್ರೀಕಿನಲ್ಲಿರುವ ಪದ ಅನಾಕ್ರಿನೋ, ಸಾಕ್ಷಿ ಕೇಳಿ ವಿಚಾರಣೆ ನಡೆಸುವುದು ಅಂತ ಅದರ ಅರ್ಥ. "ಮನುಷ್ಯರ ನ್ಯಾಯಸ್ಥಾನ" ಅಂತ ನಾವು ಓದುವ ಜಾಗದಲ್ಲಿ ಇರುವುದು ಅಕ್ಷರಶಃ "ಮನುಷ್ಯರ ದಿನ". ಪ್ರಭುವಿಗೆ ತೀರ್ಪಿನ ಒಂದು ದಿನ ಇದೆ, ಮನುಷ್ಯರದು ಇನ್ನೊಂದು ದಿನ. ಬೈಬಲ್ ತರಗತಿಯಲ್ಲಿ ಇದನ್ನು ಕೇಳಿದ ದಿನ ನನಗೆ ಒಂದು ಅರ್ಥವಾಯಿತು. ನನ್ನ ಮನಸ್ಸು ನನಗೆ ಕೊಡುವ ಒಳ್ಳೆಯವಳು ಅನ್ನುವ ಸರ್ಟಿಫಿಕೇಟು ನಡೆಯದು ಅಂದಮೇಲೆ, ಕೆಟ್ಟವಳು ಅನ್ನುವ ಸರ್ಟಿಫಿಕೇಟು ಮಾತ್ರ ಹೇಗೆ ನಡೆದೀತು? ಎರಡಕ್ಕೂ ಸಹಿ ಹಾಕಿದ ಕೈ ಒಂದೇ. ಯೊವಾನ್ನನ ಮೊದಲ ಪತ್ರದಲ್ಲೂ ಇದಕ್ಕೆ ಹತ್ತಿರದ ಮಾತಿದೆ: ನಮ್ಮ ಹೃದಯ ನಮ್ಮನ್ನು ದೋಷಿ ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು.

ನೀವು ಬೈಬಲ್ ಓದುವವರಾದರೆ ಈಗ ನನ್ನನ್ನು ತಡೆದು ಕೇಳಬೇಕು. ಅದೇ ಪೌಲ 5ನೇ ಅಧ್ಯಾಯದಲ್ಲಿ, ತಂದೆಯ ಹೆಂಡತಿಯ ಜೊತೆ ಸಂಸಾರ ಮಾಡುತ್ತಿದ್ದವನ ಬಗ್ಗೆ ನಾನಾಗಲೇ ತೀರ್ಪು ಕೊಟ್ಟಾಯಿತು ಅನ್ನುತ್ತಾನಲ್ಲ? ಅನ್ನುತ್ತಾನೆ. ಅದನ್ನು ಇದಕ್ಕೆ ಸಲೀಸಾಗಿ ಹೊಂದಿಸಿ ತೋರಿಸುವವರನ್ನು ಕಂಡರೆ ನನಗೆ ಅನುಮಾನ. ನನಗೆ ತಿಳಿದ ಮಟ್ಟಿಗೆ, ಅಲ್ಲಿ ಅವನು ಮಾತಾಡುತ್ತಿರುವುದು ಊರಿಗೆಲ್ಲ ಗೊತ್ತಿದ್ದು ಇನ್ನೂ ನಡೆಯುತ್ತಿದ್ದ ಒಂದು ಕೆಲಸದ ಬಗ್ಗೆ. ಆ ಮನುಷ್ಯನ ಆತ್ಮ ಕೊನೆಗೆ ಉಳಿಯಲಿ ಅನ್ನುವುದನ್ನೂ ಅಲ್ಲೇ ಸೇರಿಸಿದ್ದಾನೆ. 4ನೇ ಅಧ್ಯಾಯದಲ್ಲಿ ಬೇಡ ಅನ್ನುವುದು ಎದೆಯೊಳಗಿನ ಕತ್ತಲಲ್ಲಿರುವುದನ್ನು, ಅದು ಬೆಳಕಿಗೆ ಬರುವ ಮೊದಲೇ, ನಾವು ಇತ್ಯರ್ಥ ಮಾಡುವುದನ್ನು. ನನ್ನ ಪುಸ್ತಕದ ಭಾಷೆಯಲ್ಲಿ ಹೇಳಬೇಕಾದರೆ, ಎರಡೂವರೆ ಸಾವಿರ ಕಮ್ಮಿ ಅಂತ ಬರೆಯುವುದು ನನ್ನ ಕೆಲಸ, ಬರೆಯಲೇಬೇಕು. ಅದರ ಪಕ್ಕದಲ್ಲಿ ಹೆಸರು ಬರೆದದ್ದು ತಪ್ಪು.

ಯೇಸುಸ್ವಾಮಿ ಹೇಳಿದ ಗೋಧಿ ಹೊಲದ ಸಾಮತಿಯೂ, ಅಂದರೆ ದೃಷ್ಟಾಂತದ ಕತೆಯೂ, ಈ ಬಗೆಯದೇ, ಮತ್ತಾಯ 13ರದ್ದು. ರಾತ್ರಿ ವೈರಿ ಬಂದು ಗೋಧಿಯ ನಡುವೆ ಕಳೆ ಬಿತ್ತಿ ಹೋಗುತ್ತಾನೆ. ಕೀಳಲೇ ಅಂತ ಆಳುಗಳು ಕೇಳಿದರೆ, ಬೇಡ, ಗೋಧಿಯೂ ಕಿತ್ತುಬಂದೀತು, ಕೊಯ್ಲಿನ ತನಕ ಎರಡೂ ಬೆಳೆಯಲಿ ಅನ್ನುತ್ತಾನೆ ಯಜಮಾನ. ಮಂಡ್ಯದ ಕಡೆಯವರಿಗೆ ಇದು ನಗು ಬರುವ ಮಾತು. ನಮ್ಮಜ್ಜಿಯ ಊರು ಶ್ರೀರಂಗಪಟ್ಟಣದ ಹತ್ತಿರ, ನಾಲೆ ನೀರಿನ ಗದ್ದೆ. ಕಳೆ ಕೀಳದೆ ಬಿಟ್ಟರೆ ಊರೇ ಆಡಿಕೊಳ್ಳುತ್ತಿತ್ತು. ಎಂಟು ವರ್ಷದವಳಿದ್ದಾಗ ನಾನೂ ಕೀಳಲು ಇಳಿದೆ. ಒಂದು ಹಿಡಿ ಕಿತ್ತು ಜಂಬದಿಂದ ಬದುವಿನ ಮೇಲೆ ಹಾಕಿದರೆ ಅಜ್ಜಿ ತಲೆ ಚಚ್ಚಿಕೊಂಡರು: "ಅಯ್ಯೋ ಮುಂಡೇದೆ, ಪೈರ್ನೇ ಕಿತ್ತಾಕ್ಬುಟ್ಯಲ್ಲ!" ಭತ್ತದ ಹಾಗೆಯೇ ಕಾಣುವ ಒಂದು ಹುಲ್ಲಿದೆ. ಭತ್ತದ ಗರಿ ಕಾಂಡಕ್ಕೆ ಸೇರುವ ಕಡೆ ತೆಳ್ಳನೆಯ ಬಿಳಿ ಪೊರೆ ನಾಲಿಗೆಯ ಹಾಗೆ ಎದ್ದಿರುತ್ತದೆ, ಆ ಹುಲ್ಲಿಗೆ ಅದು ಇರುವುದಿಲ್ಲ. ಅಜ್ಜಿ ಗರಿ ಬಗ್ಗಿಸಿ ತೋರಿಸಿದರು. ನನಗೆ ಎರಡೂ ಒಂದೇ ತರ ಕಂಡವು.

ಅಂದರೆ ಕಳೆ ಗುರುತಿಸುವ ಕಣ್ಣು ಇರುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಸಾಮತಿಯ ಕಳೆಯಂತೂ ತೆನೆ ಹೊರಡುವ ತನಕ ಗೋಧಿಯಿಂದ ಬೇರೆ ಮಾಡಲು ಕಷ್ಟವಾದ ಜಾತಿ. ಜೊತೆಗೆ ಅದು ಸಾಲು ಹಿಡಿದು ನಾಟಿ ಮಾಡಿದ ಗದ್ದೆಯಲ್ಲ, ಎರಚಿ ಬಿತ್ತಿದ ಹೊಲ. ಕೊಯ್ಯುವವರು ಬೇರೆಯೇ ಇದ್ದಾರೆ ಅಂತಲೂ ಯಜಮಾನ ಹೇಳುತ್ತಾನೆ. ನಾನು ಆ ಹೊಲದಲ್ಲಿ ಎಂಟು ವರ್ಷದ ಹುಡುಗಿ. ನನ್ನೊಳಗಿನ ಹೊಲದಲ್ಲೂ ನನ್ನ ವಯಸ್ಸು ಅಷ್ಟೇ ಅನ್ನುವುದನ್ನು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು.

ಇನ್ನೊಬ್ಬರ ಕತೆ ಹೇಳಿಬಿಡುತ್ತೇನೆ, ನಮ್ಮ ಸೀಮೆಯದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿದ್ದ ಕಥೋಲಿಕರನ್ನು ಒಟ್ಟುಗೂಡಿಸಲು ಅಬ್ಬೆ ದುಬಾ ಅನ್ನುವ ಫ್ರೆಂಚ್ ಪಾದ್ರಿ ಬಂದರು. ಟಿಪ್ಪು ಕಾಲದಲ್ಲಿ ಮತ ಬದಲಿಸಬೇಕಾಗಿ ಬಂದಿದ್ದವರನ್ನು ಮತ್ತೆ ಸೇರಿಸಿಕೊಂಡರು, ಸಿಡುಬಿನ ಲಸಿಕೆ ಹಾಕಿಸಿದರು. 1823ರಲ್ಲಿ ಫ್ರಾನ್ಸಿಗೆ ವಾಪಸಾದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ, ನಿಜವಾದ ನಂಬಿಕೆಯಿಂದ, ಯಾವ ಆಸೆಯೂ ಇಲ್ಲದೆ ಕ್ರೈಸ್ತನಾದ ಒಬ್ಬನೂ ತನಗೆ ನೆನಪಿಗೆ ಬರುತ್ತಿಲ್ಲ ಅಂತ ನಾಚಿಕೆಪಟ್ಟು ಬರೆದಿದ್ದಾರೆ. ಒಂದೇ ವಾಕ್ಯದಲ್ಲಿ ತನ್ನ ಮೇಲೂ ತೀರ್ಪು, ತಾನು ಜ್ಞಾನಸ್ನಾನ ಕೊಟ್ಟವರ ಮೇಲೂ ತೀರ್ಪು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರು ಹೇಳುವ ಚರ್ಚು ಇನ್ನೂ ಇದೆ. ನಮ್ಮಜ್ಜಿಯ ಮುತ್ತಜ್ಜಿಯೂ ಆ ಲೆಕ್ಕದಲ್ಲಿ ಇದ್ದಿರಬಹುದೇನೋ. ಅಜ್ಜಿಯ ಜಪಸರ ನನ್ನ ಹತ್ತಿರ ಇದೆ, ಮಣಿಗಳು ಸವೆದು ನುಣ್ಣಗಾಗಿವೆ. ಅದನ್ನು ಕೈಯಲ್ಲಿ ಹಿಡಿದಾಗ ಆ ದೊಡ್ಡ ಮನುಷ್ಯನ ಮೇಲೆ ನನಗೆ ಕನಿಕರ ಬರುತ್ತದೆ.

ಆ ವಯಸ್ಸಾದ ಫಾದರ್ ನನಗೆ ಕೊಟ್ಟ ಪ್ರಾಯಶ್ಚಿತ್ತ ಹೇಳಲಿಲ್ಲ ಅಲ್ಲವೇ? "ಅವರ ಮನೆಗೆ ಹೋಗಿ, ನಾನು ಆಡಿದ ಮಾತು ತಪ್ಪು ಅಂತ ಹೇಳಿ. ಅದರ ಮೇಲೆ ಒಂದು ಮಾತೂ ಸೇರಿಸಬೇಡಿ, ದುಡ್ಡಿನ ವಿಷಯ ಎತ್ತಬೇಡಿ, ಅಳಬೇಡಿ." ಅಳಬೇಡಿ ಅಂದದ್ದೇ ಕಷ್ಟವಾಯಿತು. ಹೋದೆ. ಆಕೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಕರೆಯಲಿಲ್ಲ. "ಆಯ್ತು" ಅಂದರು, ಬಾಗಿಲು ಹಾಕಿಕೊಂಡರು. ಕ್ಷಮಿಸಿದರೋ ಇಲ್ಲವೋ ಅಂತ ಬಸ್ ಸ್ಟಾಪಿನ ತನಕ ಲೆಕ್ಕ ಹಾಕುತ್ತಾ ಬಂದೆ. ಬಸ್ಸು ಬಂತು, ಹತ್ತಿದೆ.

ಹೋದ ವರ್ಷ ಜೂನ್ 13ಕ್ಕೆ ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿದ್ದೆ. ಆ ನೂಕುನುಗ್ಗಲಲ್ಲಿ ಮೇಣದಬತ್ತಿ ಹಚ್ಚುವ ಕಡೆ ಆಕೆ ಸಿಕ್ಕರು. ಯಾವ ಬಸ್ಸಿಗೆ ಬಂದಿರಿ ಅಂತ ಕೇಳಿದರು. ಕೆ.ಆರ್. ನಗರಕ್ಕೆ ಬಂದು ಅಲ್ಲಿಂದ ಆಟೋ ಮಾಡಿಕೊಂಡೆ ಅಂದೆ. ಆಟೋದವರು ಹಬ್ಬದ ದಿನ ಬಾಯಿಗೆ ಬಂದಷ್ಟು ಕೇಳ್ತಾರೆ, ಅಂದರು. ಹೌದು ಅಂದೆ.