ಪ್ರಶ್ನೋತ್ತರ: ಬಾಲಿಯ ಕಡಲತೀರದಲ್ಲಿ ಎಲ್ಲಿ ಉಣ್ಣಬೇಕು, ಯಾವ ಹೊತ್ತಿಗೆ?

ಪ್ರಶ್ನೆ: ಬರುವ ಜನವರಿಯಲ್ಲಿ ನಾವು ದಂಪತಿ ಬಾಲಿಗೆ ಹೋಗುವವರಿದ್ದೇವೆ. ಜಿಂಬರಾನ್‌ನಲ್ಲಿ ಮರಳಿನ ಮೇಲೆಯೇ ಮೇಜು ಹಾಕಿ ಕೆಂಡದಲ್ಲಿ ಸುಟ್ಟ ಮೀನು ಬಡಿಸುತ್ತಾರೆಂದು ಕೇಳಿದ್ದೇವೆ. ಆದರೆ ಅಲ್ಲಿಗೆ ಹೋಗಿಬಂದ ನೆಂಟರು ಮೀನಿನ ರುಚಿಗಿಂತ ಬಿಲ್ಲಿನ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ಅಲ್ಲಿಗೆ ಹೋಗಬಹುದೇ?

ಉತ್ತರ: ಅಗತ್ಯವಾಗಿ ಹೋಗಿ, ಆದರೆ ಕುರ್ಚಿಯಲ್ಲಿ ಕೂರುವ ಮೊದಲು ತಕ್ಕಡಿಯ ಬಳಿ ನಿಲ್ಲಿ. ಜಿಂಬರಾನ್ ಕೊಲ್ಲಿಯ ಉದ್ದಕ್ಕೂ ಇರುವ ಈ ಹೋಟೆಲುಗಳಲ್ಲಿ ಮೀನು, ಸೀಗಡಿ, ಏಡಿಗಳನ್ನು ಮಂಜುಗಡ್ಡೆಯ ಮೇಲೋ ನೀರಿನ ತೊಟ್ಟಿಯಲ್ಲೋ ಇಟ್ಟಿರುತ್ತಾರೆ. ನೀವು ಆರಿಸಿದ್ದನ್ನು ತೂಗಿ, ಮಸಾಲೆ ಸವರಿ, ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಸುಟ್ಟು, ಅನ್ನ ಮತ್ತು ಸಾಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಯೊಂದಿಗೆ ತಂದುಕೊಡುತ್ತಾರೆ.

ನಿಮ್ಮ ನೆಂಟರನ್ನು ಬೆಚ್ಚಿಬೀಳಿಸಿದ್ದು ಬಹುಶಃ 'ಓನ್ಸ್' ಎಂಬ ಪುಟ್ಟ ಪದ. ಡಚ್ಚರ ಕಾಲದಿಂದ ಉಳಿದುಬಂದ ಈ ಅಳತೆ ಇಂಡೊನೇಷ್ಯಾದಲ್ಲಿ 100 ಗ್ರಾಂಗೆ ಸಮ; ಇಂಗ್ಲಿಷರ 28 ಗ್ರಾಮಿನ ಔನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಜೊತೆಗೆ, ದರಪಟ್ಟಿಯಲ್ಲಿ ಕೊನೆಯ ಮೂರು ಸೊನ್ನೆಗಳನ್ನು ಬಿಟ್ಟು ಬರೆಯುವುದು ಅಲ್ಲಿನ ರೂಢಿ. ಉದಾಹರಣೆಗೆ, ಫಲಕದಲ್ಲಿ ಒಂದು ಮೀನಿನ ಮುಂದೆ 30 ಎಂದಿದೆ ಎಂದುಕೊಳ್ಳಿ. ಅದು 30,000 ರುಪಿಯಾ. ಅದೂ ಇಡೀ ಮೀನಿಗಲ್ಲ, ಕಿಲೋಗೂ ಅಲ್ಲ, ಒಂದು ಓನ್ಸಿಗೆ. ಮೀನು 800 ಗ್ರಾಂ ತೂಗಿದರೆ 2,40,000 ರುಪಿಯಾ ಆಯಿತು. ಪಟ್ಟಿಯ ಅಡಿಯಲ್ಲಿ ಸಣ್ಣದಾಗಿ ಎರಡು ಕೂಡುಚಿಹ್ನೆಗಳಿದ್ದರೆ ಶೇ 10 ತೆರಿಗೆಯೂ ಅದರ ಮೇಲೆ ಸೇವಾಶುಲ್ಕವೂ ಸೇರುತ್ತವೆ; ಎರಡೂ ಕೂಡಿ ಶೇ 21ರವರೆಗೆ ಹೋಗುವುದುಂಟು. ಹಾಗಾದಾಗ ಅದೇ ಮೀನು 2,90,400 ರುಪಿಯಾಕ್ಕೆ ಬಂದು ನಿಲ್ಲುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲವನ್ನೂ ಬರೆದೇ ಇರುತ್ತಾರೆ. ಓದದೆ ಕೂತವರಿಗೆ ಮಾತ್ರ ಅದು ಮೋಸದಂತೆ ಕಾಣುತ್ತದೆ. ತೂಕವನ್ನು ನಿಮ್ಮ ಕಣ್ಣೆದುರೇ ಮಾಡಿಸಿ, ಬುಟ್ಟಿಯ ಭಾರವನ್ನು ಕಳೆಯಲು ಹೇಳಿ, ಒಟ್ಟು ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಾನು ಮೊದಲ ಸಲ ಹೋದಾಗ ನೀರು ಸೋರುತ್ತಿದ್ದ ಪ್ಲಾಸ್ಟಿಕ್ ಬುಟ್ಟಿಯ ಸಮೇತ ಸೀಗಡಿ ತೂಗಿಸಿಕೊಂಡು, ಬುಟ್ಟಿಗೂ ಸೀಗಡಿಯ ದರವನ್ನೇ ತೆತ್ತು ಬಂದವನು.

ಇನ್ನು ಹೊತ್ತಿನ ವಿಚಾರ. ಬಾಲಿಯ ಊಟದಲ್ಲಿ ಜಾಗಕ್ಕಿಂತ ಹೊತ್ತೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ಈ ದ್ವೀಪ ಸಮಭಾಜಕ ವೃತ್ತದಿಂದ ಸುಮಾರು 8 ಡಿಗ್ರಿಯಷ್ಟೇ ದಕ್ಷಿಣಕ್ಕಿರುವುದರಿಂದ ವರ್ಷದ ಯಾವ ತಿಂಗಳಲ್ಲಾದರೂ ಆರರಿಂದ ಏಳು ಗಂಟೆಯ ನಡುವೆ ಸೂರ್ಯ ಮುಳುಗುತ್ತಾನೆ. ಐದು ಗಂಟೆಗೇ ಅಲ್ಲಿರಿ: ಮೀನಿನ ಕಣ್ಣು ತಿಳಿಯಾಗಿದೆಯೇ, ಕಿವಿರು ಕೆಂಪಗಿದೆಯೇ ಎಂಬುದು ಹಗಲ ಬೆಳಕಿನಲ್ಲಿ ಮಾತ್ರ ಗೊತ್ತಾಗುತ್ತದೆ. ಬಣ್ಣದ ದೀಪಗಳ ಕೆಳಗೆ ಎಲ್ಲ ಮೀನೂ ತಾಜಾ ಆಗಿಯೇ ಕಾಣುತ್ತದೆ.

ನಿಮ್ಮದು ಜನವರಿಯ ಪ್ರಯಾಣ ಎಂಬುದು ಸ್ವಲ್ಪ ಯೋಚಿಸಬೇಕಾದ ಸಂಗತಿ. ಅದು ಅಲ್ಲಿ ಮಳೆಗಾಲ. ಪಶ್ಚಿಮದ ಗಾಳಿ ಬೀಸುವ ಆ ದಿನಗಳಲ್ಲಿ ಕೂಟಾ, ಜಿಂಬರಾನ್‌ಗಳಂಥ ಪಶ್ಚಿಮ ದಡಗಳಿಗೆ ಕಡಲು ಕಸವನ್ನು ತಂದು ಸುರಿಯುತ್ತದೆ. ಮರಳಿನ ಮೇಲಿನ ಊಟದ ಸೊಗಸು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮಳೆ ಹಿಡಿದರೆ ಜಿಂಬರಾನ್ ಕೊಲ್ಲಿಯ ಉತ್ತರದ ತುದಿಯಲ್ಲಿರುವ ಕೆಡೊಂಗಾನನ್ ಮೀನು ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಿ. ದೋಣಿಗಳಿಂದ ಇಳಿದ ಮೀನನ್ನು ಅಲ್ಲೇ ಚೌಕಾಸಿ ಮಾಡಿ ಕೊಂಡು, ಪಕ್ಕದ ಅಂಗಡಿಗಳವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಸುಟ್ಟುಕೊಡುತ್ತಾರೆ. ನೆಲ ಒದ್ದೆ, ವಾಸನೆ ಗಾಢ, ಸೂರ್ಯಾಸ್ತವೂ ಇಲ್ಲ. ಆದರೂ ಬಾಲಿಯಲ್ಲಿ ನಾನು ತಿಂದ ಅತ್ಯುತ್ತಮ ಮೀನು ಅಲ್ಲಿಯದೇ.

ಪ್ರಶ್ನೆ: ನಮ್ಮ ತಾಯಿಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಬಾಲಿಯವರು ಹಿಂದೂಗಳಾದ್ದರಿಂದ ತೊಂದರೆಯಾಗದೆಂದು ಎಲ್ಲರೂ ಧೈರ್ಯ ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ಧೈರ್ಯ ಹೇಳಿದವರು ಅಲ್ಲಿ ಉಂಡಿರಲಾರರು. ಬಾಲಿಯ ಹಬ್ಬದಡುಗೆಯಲ್ಲಿ ಇಡೀ ಹಂದಿಯನ್ನು ಮಸಾಲೆ ತುಂಬಿ ಸುಡುವ ಬಾಬಿ ಗುಲಿಂಗ್‌ಗೆ ಮೊದಲ ಸ್ಥಾನ. ಧರ್ಮ ಒಂದೇ ಆದ ಮಾತ್ರಕ್ಕೆ ಅಡುಗೆಮನೆಯೂ ಒಂದೇ ಆಗಬೇಕೆಂದಿಲ್ಲ.

ಹಾಗೆಂದು ಉಪವಾಸವೇನೂ ಬೀಳುವುದಿಲ್ಲ. 'ವಾರುಂಗ್' ಎಂದು ಕರೆಯುವ, ಒಂದೇ ಮನೆಯವರು ನಡೆಸುವ ಸಣ್ಣ ಖಾನಾವಳಿಗಳನ್ನು ಹುಡುಕಿ. ಸೋಯಾಕಾಳನ್ನು ಹುದುಗು ಬರಿಸಿ ಬಿಲ್ಲೆ ಕಟ್ಟಿದ ತೆಂಪೆ, ತಾಹು ಎನ್ನುವ ಸೋಯಾ ಪನೀರು, ಬೇಯಿಸಿದ ತರಕಾರಿಗೆ ಶೇಂಗಾ ಗೊಜ್ಜು ಸುರಿದ ಗಾಡೊ-ಗಾಡೊ, ತೆಂಗಿನತುರಿ ಬೆರೆಸಿದ ಸೊಪ್ಪಿನ ಉರಾಪ್, ಇವೆಲ್ಲ ಅಲ್ಲಿ ದಿನನಿತ್ಯದ ತಿನಿಸುಗಳೇ. ತಾಯಿಯವರಿಗೆ ಉರಾಪ್ ಮನೆಯ ಪಲ್ಯದಂತೆಯೇ ಅನ್ನಿಸೀತು. ಅಪಾಯವಿರುವುದು ಕಣ್ಣಿಗೆ ಕಾಣದ 'ತರಾಸಿ'ಯಲ್ಲಿ. ಸೀಗಡಿಯನ್ನು ಕೊಳೆಸಿ ಅರೆದ ಈ ಮುದ್ದೆಯನ್ನು ಸಾಂಬಾಲ್‌ಗೂ, ಎಷ್ಟೋ ಸಲ ಶೇಂಗಾ ಗೊಜ್ಜಿಗೂ, ಉರಾಪ್‌ನ ಒಗ್ಗರಣೆಗೂ ಚಿಟಿಕೆಯಷ್ಟು ಸೇರಿಸುತ್ತಾರೆ; ಅದನ್ನು ಮಾಂಸವೆಂದು ಅವರು ಎಣಿಸುವುದೇ ಇಲ್ಲ. ಆದ್ದರಿಂದ 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು. 'ತಾನ್ಪಾ ತರಾಸಿ, ತಾನ್ಪಾ ಇಕಾನ್, ತಾನ್ಪಾ ತಲೂರ್' ಎನ್ನಿ. ತಾನ್ಪಾ ಎಂದರೆ ಇಲ್ಲದೆ, ಇಕಾನ್ ಎಂದರೆ ಮೀನು, ತಲೂರ್ ಎಂದರೆ ಮೊಟ್ಟೆ. ತಟ್ಟೆಯ ಅಂಚಿಗೆ ಸಿಕ್ಕಿಸಿಡುವ ಬಿಳಿಯ ಹಪ್ಪಳವೂ ಸಾಮಾನ್ಯವಾಗಿ ಸೀಗಡಿಯದೇ.

ಇಲ್ಲಿಯೂ ಹೊತ್ತನ್ನು ನೋಡಬೇಕು. ವಾರುಂಗ್‌ಗಳಲ್ಲಿ ಅಡುಗೆ ಬೆಳಗ್ಗೆಯೇ ಮುಗಿಯುತ್ತದೆ. ಅಡುಗೆಯಾದ ಕೂಡಲೇ ಬಾಳೆಲೆಯ ಚೂರುಗಳ ಮೇಲೆ ಎರಡೆರಡು ಅಗುಳು ಅನ್ನವಿಟ್ಟು ಒಲೆ, ನೀರಿನ ಜಾಗ, ಹೊಸ್ತಿಲುಗಳಿಗೆ ಅರ್ಪಿಸಿದ ಮೇಲೆಯೇ ಮನೆಯವರು ಉಣ್ಣುವುದು. ಹೊಸ್ತಿಲಲ್ಲಿ ಅಂಥ ಎಲೆ ಕಂಡರೆ ದಾಟಿ ನಡೆಯಿರಿ, ತುಳಿಯಬೇಡಿ. ಆಮೇಲೆ ಪದಾರ್ಥಗಳು ಗಾಜಿನ ಕಪಾಟು ಸೇರಿ ದಿನವಿಡೀ ಅಲ್ಲೇ ಇರುತ್ತವೆ. ಹನ್ನೊಂದೂವರೆಗೆ ಅಮೃತದಂತಿದ್ದದ್ದು ಆ ಸೆಕೆಯಲ್ಲಿ ಸಂಜೆ ಆರಕ್ಕೆ ಹೊಟ್ಟೆ ಕೆಡಿಸಬಲ್ಲದು. ರಾತ್ರಿಯೂಟಕ್ಕೆ, ಕೇಳಿದ ಮೇಲೆ ಬಾಣಲೆಗೆ ಹಾಕಿ ಹುರಿದುಕೊಡುವ ಕಡೆಗೆ ಹೋಗಿ. ನಲ್ಲಿಯ ನೀರನ್ನು ಎಲ್ಲಿಯೂ ಕುಡಿಯಬೇಡಿ.

ಪ್ರಶ್ನೆ: ನಾವು ಗೆಳೆಯರು ಚಾಂಗೂ, ಸೆಮಿನ್ಯಾಕ್‌ಗಳ ಬೀಚ್ ಕ್ಲಬ್‌ಗಳಿಗೆ ಹೋಗಬೇಕೆಂದಿದ್ದೇವೆ. ಅಲ್ಲಿನ 'ಆರಾಕ್' ಕುಡಿಯಬಹುದೇ?

ಉತ್ತರ: ಕ್ಲಬ್‌ಗಳ ವಿಷಯ ಸರಳ. ಈಜುಕೊಳದ ಬದಿಯ ಮಂಚಕ್ಕೆ ಬಾಡಿಗೆ ಇಲ್ಲವೆಂದರೂ ಇಷ್ಟು ಮೊತ್ತದ ತಿಂಡಿ-ಪಾನೀಯ ಕೊಳ್ಳಲೇಬೇಕೆಂಬ ಕರಾರು ಇರುತ್ತದೆ, ಕೇಳಿಕೊಂಡು ಕೂತುಕೊಳ್ಳಿ. ಮದ್ಯಕ್ಕೆ ಕನಿಷ್ಠ ವಯಸ್ಸು 21.

ಆರಾಕ್ ವಿಷಯ ಗಂಭೀರವಾದದ್ದು. ತೆಂಗು ಅಥವಾ ತಾಳೆಯ ಕಳ್ಳನ್ನು ಭಟ್ಟಿ ಇಳಿಸಿ ತೆಗೆಯುವ ಸಾರಾಯಿ ಅದು. ಕಳ್ಳಿಗೆ ಅವರು ತುವಾಕ್ ಎನ್ನುತ್ತಾರೆ. ಬಾಲಿಯ ಗವರ್ನರ್ 2020ರಲ್ಲಿ ಹೊರಡಿಸಿದ ನಿಯಮದಿಂದ ಸ್ಥಳೀಯ ಆರಾಕ್‌ಗೆ ಅಧಿಕೃತ ಮಾರಾಟದ ದಾರಿ ತೆರೆಯಿತು. ಆದರೆ 2009ರಲ್ಲಿ ಮೆಥನಾಲ್ ಬೆರೆತ ಆರಾಕ್ ಕುಡಿದು ಬಾಲಿಯಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ವಿದೇಶಿಯರೂ ಇದ್ದರು. ಮೆಥನಾಲ್ ಅನ್ನು ಮೂಗಿನಿಂದಾಗಲಿ ನಾಲಿಗೆಯಿಂದಾಗಲಿ ಪತ್ತೆಹಚ್ಚಲಾಗದು. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ, ಅದೂ ಹಲವು ಗಂಟೆಗಳಾದ ಮೇಲೆ. ಆದ್ದರಿಂದ ಮರುದಿನ ಕಣ್ಣು ಮಂಜಾದರೆ ಅದನ್ನು ರಾತ್ರಿಯ ಅಮಲಿನ ಶೇಷವೆಂದು ಮಲಗಿಬಿಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮೊಹರು ಒಡೆಯದ, ಅಬಕಾರಿ ಚೀಟಿ ಇರುವ ಬಾಟಲಿ ಬಿಟ್ಟು ಬೇರೆ ಆರಾಕ್ ಬೇಡ. ಜಗ್ಗಿನಲ್ಲಿ ಕಲಸಿಟ್ಟ ಅಗ್ಗದ ಕಾಕ್‌ಟೇಲ್ ಬೇಡವೇ ಬೇಡ. ಬಿಯರಿನ ಮುಚ್ಚಳವನ್ನು ನಿಮ್ಮೆದುರೇ ತೆಗೆಸಿದರೆ ಈ ಚಿಂತೆ ಇರುವುದಿಲ್ಲ.

ಪ್ರಶ್ನೆ: ಯುಗಾದಿಯ ರಜೆಗೆ ಹೋದರೆ ಹೋಟೆಲುಗಳಲ್ಲಿ ಜನಜಂಗುಳಿ ಇರುತ್ತದೆಯೇ?

ಉತ್ತರ: ಜನಜಂಗುಳಿಯ ಮಾತಿರಲಿ, ಹೋಟೆಲೇ ತೆರೆದಿರದ ದಿನ ಎದುರಾಗಬಹುದು. ಬಾಲಿಯವರದೂ ಶಕ ವರ್ಷವೇ. ಅವರ ಹೊಸ ವರ್ಷವಾದ ನ್ಯೆಪಿ 2023ರಲ್ಲಿ ನಮ್ಮ ಯುಗಾದಿಯ ದಿನವೇ, ಮಾರ್ಚ್ 22ರಂದು ಬಂದಿತ್ತು. 2025ರಲ್ಲಿ ಒಂದು ದಿನ ಮೊದಲು, ಮಾರ್ಚ್ 29ರಂದು ಬಂತು. ಅಧಿಕಮಾಸದ ಲೆಕ್ಕ ಬೇರೆಯಾದ ವರ್ಷಗಳಲ್ಲಿ ಒಂದು ತಿಂಗಳ ಅಂತರವೂ ಬೀಳುತ್ತದೆ. ಅಂದು ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ವಿಮಾನ ನಿಲ್ದಾಣವೂ ಸೇರಿ ಇಡೀ ದ್ವೀಪ ಮೌನ. ಬೀದಿಗೆ, ಕಡಲತೀರಕ್ಕೆ ಕಾಲಿಡುವಂತಿಲ್ಲ. ತಂಗಿರುವ ಹೋಟೆಲಿನ ಅಡುಗೆಮನೆ ಅತಿಥಿಗಳಿಗೆ ಬಡಿಸುತ್ತದೆ, ಆದರೆ ಬಾಡಿಗೆಯ ವಿಲ್ಲಾದಲ್ಲಿರುವವರು ಹಿಂದಿನ ದಿನವೇ ಬ್ರೆಡ್ಡು, ಹಣ್ಣು, ನೀರು ತಂದಿಟ್ಟುಕೊಳ್ಳಬೇಕು. ಮಾರನೆಯ ದಿನವೂ ಅನೇಕ ವಾರುಂಗ್‌ಗಳ ಬಾಗಿಲು ಮುಚ್ಚಿರುವುದರಿಂದ ಎರಡು ದಿನಕ್ಕಾಗುವಷ್ಟು ತಂದರೆ ಒಳ್ಳೆಯದು.