ಎಂಜಿನ್ನೇ ಇಲ್ಲದ ಕಾರಿಗೆ ಉದ್ದ ಬಾನೆಟ್ ಏಕೆ?

ಓದುಗರ ಪ್ರಶ್ನೆಗಳಿಗೆ ಉತ್ತರ: ಐಷಾರಾಮಿ ಕಾನ್ಸೆಪ್ಟ್ ಕಾರುಗಳು

ಪ್ರಶ್ನೆ: ವಾಹನ ಪ್ರದರ್ಶನಗಳಲ್ಲಿ ‘ಕಾನ್ಸೆಪ್ಟ್ ಕಾರು’ ಎಂದು ತೋರಿಸುವ ಬಹುಪಾಲು ಕಾರುಗಳು ರಸ್ತೆಗೆ ಇಳಿಯುವುದೇ ಇಲ್ಲ. ಮಾರುವ ಉದ್ದೇಶವೇ ಇಲ್ಲದ ಕಾರಿಗೆ ಕಂಪನಿಗಳು ಇಷ್ಟೊಂದು ಹಣ ಸುರಿಯುವುದೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಇಡೀ ಕಾರು ಬರುವುದಿಲ್ಲ ಎಂಬುದು ನಿಜ. ಆದರೆ ಅದರ ಬಿಡಿ ಅಂಶಗಳು ಬರುತ್ತವೆ, ಕೆಲವೊಮ್ಮೆ ಬಹಳ ತಡವಾಗಿ. ಈ ಪರಂಪರೆಯಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುವ 1938ರ ಬ್ಯುಯಿಕ್ ವೈ-ಜಾಬ್ ಕಾರನ್ನು ರೂಪಿಸಿದವರು ಜನರಲ್ ಮೋಟಾರ್ಸ್‌ನ ವಿನ್ಯಾಸ ಮುಖ್ಯಸ್ಥರಾಗಿದ್ದ ಹಾರ್ಲಿ ಅರ್ಲ್. ಅದರ ಹೆಡ್‌ಲೈಟುಗಳು ಕಣ್ಣು ಮುಚ್ಚಿದಂತೆ ಮರೆಯಾಗುತ್ತಿದ್ದವು, ಕಿಟಕಿಯ ಗಾಜುಗಳು ವಿದ್ಯುತ್ತಿನಿಂದ ಏರಿಳಿಯುತ್ತಿದ್ದವು, ಬಾಗಿಲ ಹಿಡಿಗಳು ಕಾರಿನ ಮೈಗೆ ಸಮನಾಗಿ ಕೂತಿದ್ದವು. ಆ ಕಾರು ಮಾರಾಟಕ್ಕೆ ಬರಲಿಲ್ಲ; ಅರ್ಲ್ ಅವರೇ ಅದನ್ನು ವರ್ಷಗಟ್ಟಲೆ ಓಡಿಸಿಕೊಂಡಿದ್ದರು. ವಿದ್ಯುತ್ ಕಿಟಕಿ ಈಗ ನಮ್ಮ ಸಣ್ಣ ಕಾರುಗಳಲ್ಲೂ ಇದೆ. ಮೈಗೆ ಅಂಟಿಕೊಂಡ ಹಿಡಿಯಂತೂ ಇತ್ತೀಚಿನ ವಿದ್ಯುತ್ ಕಾರುಗಳ ಹೆಗ್ಗುರುತೇ ಆಗಿಬಿಟ್ಟಿತ್ತು. ಅಪಘಾತವಾಗಿ ವಿದ್ಯುತ್ ಕಡಿದಾಗಲೂ ಬಾಗಿಲನ್ನು ಕೈಯಿಂದ ತೆರೆಯುವಂತಿರಬೇಕು ಎಂದು ಚೀನಾ ಈಗ ನಿಯಮ ರೂಪಿಸಿರುವುದರಿಂದ ಆ ಹಿಡಿಗಳ ವಿನ್ಯಾಸವೇ ಬದಲಾಗಬೇಕಾಗಿದೆ.

ಗಿರಾಕಿಗಳ ಮನಸ್ಸನ್ನು ಮುಂಚೆಯೇ ತಿಳಿದುಕೊಳ್ಳುವುದು ಇನ್ನೊಂದು ಕಾರಣ. ರೋಲ್ಸ್-ರಾಯ್ಸ್ ಕಂಪನಿ 2011ರಲ್ಲಿ ತನ್ನ ಫ್ಯಾಂಟಮ್ ಕಾರನ್ನೇ ವಿದ್ಯುತ್ ಕಾರಾಗಿ ಮಾರ್ಪಡಿಸಿ, 102ಇಎಕ್ಸ್ ಎಂಬ ಹೆಸರಿನಲ್ಲಿ ದೇಶದೇಶಗಳಿಗೆ ಕೊಂಡೊಯ್ದು ಗಿರಾಕಿಗಳ ಅಭಿಪ್ರಾಯ ಕೇಳಿತು. ಅದರ ಮೊದಲ ವಿದ್ಯುತ್ ಕಾರಾದ ಸ್ಪೆಕ್ಟರ್ ಕೊಂಡವರ ಕೈ ಸೇರಿದ್ದು 2023ರಲ್ಲಿ.

ಕೆಲವು ಕಾರುಗಳು ಬರೀ ವೇಷವೆಂಬುದನ್ನೂ ಹೇಳಬೇಕು. 1991ರಲ್ಲಿ ಟೋಕಿಯೊದಲ್ಲಿ ಆಡಿ ಕಂಪನಿ ಹೊಳೆಯುವ ಅಲ್ಯೂಮಿನಿಯಂ ಮೈಯ ಆವುಸ್ ಕ್ವಾಟ್ರೊ ಕಾರನ್ನು ತೋರಿಸಿದಾಗ, ಒಳಗಿದ್ದ ಹನ್ನೆರಡು ಸಿಲಿಂಡರಿನ ‘ಎಂಜಿನ್’ ಮರ ಮತ್ತು ಪ್ಲಾಸ್ಟಿಕ್ಕಿನ ಗೊಂಬೆಯಾಗಿತ್ತು. ತಮಾಷೆಯೆಂದರೆ, ಅಂಥದೇ ನಿಜವಾದ ಎಂಜಿನ್ ಹತ್ತು ವರ್ಷಗಳ ನಂತರ ಅದೇ ಕಂಪನಿಯ ಎ8 ಕಾರಿಗೆ ಬಂದಿತು.

ಪ್ರಶ್ನೆ: ನಾನು ಕೈಗಾರಿಕಾ ವಿನ್ಯಾಸದ ವಿದ್ಯಾರ್ಥಿನಿ. ವಿದ್ಯುತ್ ಕಾರಿನ ಮುಂಭಾಗದಲ್ಲಿ ದೊಡ್ಡ ಎಂಜಿನ್ ಇರುವುದಿಲ್ಲ. ಹಾಗಿದ್ದರೂ ಇತ್ತೀಚಿನ ಐಷಾರಾಮಿ ಕಾನ್ಸೆಪ್ಟ್ ಕಾರುಗಳಿಗೆ ಅಷ್ಟುದ್ದದ ಬಾನೆಟ್ ಏಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಹೊತ್ತಿನ ಕಾರು ವಿನ್ಯಾಸದ ಮುಖ್ಯ ಜಗಳ ನಡೆಯುತ್ತಿರುವುದೇ ನೀವು ಬೆರಳಿಟ್ಟಿರುವ ಜಾಗದಲ್ಲಿ. 1930ರ ದಶಕದ ಶ್ರೀಮಂತರ ಕಾರುಗಳಲ್ಲಿ ಎಂಟು, ಹನ್ನೆರಡು, ಕೆಲವದರಲ್ಲಿ ಹದಿನಾರು ಸಿಲಿಂಡರುಗಳಿರುತ್ತಿದ್ದವು. ಎಂಟು ಸಿಲಿಂಡರುಗಳನ್ನು ಒಂದರ ಹಿಂದೊಂದು ಸಾಲಾಗಿ ಕೂರಿಸಿದರೆ ಬಾನೆಟ್ ಉದ್ದವಾಗದೆ ಬೇರೆ ದಾರಿಯೇ ಇರಲಿಲ್ಲವಾದ್ದರಿಂದ, ಬಾನೆಟ್ಟಿನ ಉದ್ದವನ್ನು ನೋಡಿಯೇ ಎಂಜಿನ್ನಿನ ಶಕ್ತಿಯನ್ನೂ ಮಾಲೀಕರ ಸ್ಥಿತಿವಂತಿಕೆಯನ್ನೂ ಅಂದಾಜು ಮಾಡುವುದು ಜನರಿಗೆ ರೂಢಿಯಾಯಿತು. ಕಾರಣ ಹೋದರೂ ರೂಢಿ ಉಳಿದಿದೆ.

ಈ ರೂಢಿಯನ್ನು ಮುರಿಯಲು ಹೊರಟದ್ದು 2021ರ ಮರ್ಸಿಡಿಸ್ ಇಕ್ಯೂಎಸ್. ಬ್ಯಾಟರಿ ನೆಲದಡಿ ಹೋಗಿದೆ, ಮೋಟಾರುಗಳು ಚಿಕ್ಕವು. ಹಾಗಿರುವಾಗ ಬಾನೆಟ್ಟನ್ನು ಗಿಡ್ಡ ಮಾಡಿ, ಮುಂದಿನ ಗಾಜನ್ನು ಮುಂದಕ್ಕೆ ಸರಿಸಿ, ಮೂತಿಯಿಂದ ಬಾಲದವರೆಗೆ ಒಂದೇ ಬಿಲ್ಲಿನಂಥ ಗೆರೆ ಎಳೆಯೋಣ ಎಂಬುದು ಅದರ ತರ್ಕ. ಗಾಳಿಯ ತಡೆಯ ಗುಣಾಂಕ (ಇದು ಕಡಿಮೆಯಾದಷ್ಟೂ ಕಾರು ಗಾಳಿಯನ್ನು ಸಲೀಸಾಗಿ ಸೀಳುತ್ತದೆ) 0.20ಕ್ಕೆ ಇಳಿಯಿತು, ಒಳಗೆ ಜಾಗವೂ ಹೆಚ್ಚಿತು. ಎಂಜಿನಿಯರುಗಳು ಹೇಳಿದ್ದೆಲ್ಲ ಸರಿಯಾಗಿತ್ತು. ಆದರೆ ಕಾರು ಮಾತ್ರ ಬಚ್ಚಲಲ್ಲಿ ಸವೆದ ಸೋಪಿನ ಬಿಲ್ಲೆಯಂತೆ ಕಂಡಿತು. ಇದು ನನ್ನೊಬ್ಬನ ದೂರಲ್ಲ, ಆ ರೂಪವನ್ನು ಟೀಕಿಸಿದವರು ಬಹಳ ಮಂದಿ ಇದ್ದರು.

ಆಮೇಲೆ ಗಾಳಿ ಹಿಮ್ಮುಖವಾಗಿ ಬೀಸಿದೆ. ಸ್ಪೆಕ್ಟರ್ ಸುಮಾರು ಐದೂವರೆ ಮೀಟರ್ ಉದ್ದವಿದ್ದರೂ ಅದಕ್ಕಿರುವುದು ಎರಡೇ ಬಾಗಿಲು, ನಾಲ್ಕೇ ಆಸನ. 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಜಾಗ್ವಾರ್ ತೋರಿಸಿದ ಟೈಪ್ 00 ಕಾನ್ಸೆಪ್ಟ್‌ಗೆ ಹಿಂಬದಿಯ ಗಾಜೇ ಇಲ್ಲ, ಬಾನೆಟ್ ಮಾತ್ರ ಮೈದಾನದಂತಿದೆ. ಮರ್ಸಿಡಿಸ್ ಕಂಪನಿಯೇ 2025ರಲ್ಲಿ ವಿಷನ್ ಐಕಾನಿಕ್ ಎಂಬ ಕಾನ್ಸೆಪ್ಟನ್ನು ತಂದಾಗ ಬಿಲ್ಲಿನ ಗೆರೆಯನ್ನು ಬಿಟ್ಟು, ನೆಟ್ಟಗೆ ನಿಂತ ಹಳೆಯ ಕಾಲದ ಗ್ರಿಲ್ಲಿಗೂ ಉದ್ದ ಬಾನೆಟ್ಟಿಗೂ ಮರಳಿತು.

ನನ್ನ ಅಭಿಪ್ರಾಯದಲ್ಲಿ ಇದು ಬರೀ ಹಳೆಯದರ ಮೋಹವಲ್ಲ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟುಗಳ ಸಾಲಿನಲ್ಲಿ ಒಬ್ಬೊಬ್ಬರೂ ಗೋಡೆಗೆ ಗೋಡೆ ತಾಗಿಸಿ ಮಹಡಿ ಎಬ್ಬಿಸಿರುವಾಗ, ಒಬ್ಬರು ಮಾತ್ರ ಮನೆಯ ಮುಂದೆ ಅಂಗಳ ಬಿಟ್ಟು ಗಿಡ ನೆಟ್ಟಿದ್ದರೆ ದಾರಿಹೋಕರಿಗೆ ಅವರ ಅನುಕೂಲಸ್ಥಿತಿ ಹೇಳದೆಯೇ ತಿಳಿಯುತ್ತದೆ. ಉಪಯೋಗಕ್ಕೆ ಬರಬಹುದಾಗಿದ್ದ ಜಾಗವನ್ನು ಸುಮ್ಮನೆ ಬಿಡಬಲ್ಲೆ ಎಂದು ತೋರಿಸುವುದೇ ಐಷಾರಾಮ. ಅಂಥ ಕಾರಿನ ಪಕ್ಕನೋಟದ ಚಿತ್ರವನ್ನು ಎದುರಿಗಿಟ್ಟುಕೊಂಡು, ಮುಂದಿನ ಚಕ್ರದ ನಡುವಿನಿಂದ ಡ್ಯಾಶ್‌ಬೋರ್ಡಿನವರೆಗೆ ಅಳೆದು, ಮಾಮೂಲಿ ಹ್ಯಾಚ್‌ಬ್ಯಾಕ್ ಕಾರಿನ ಅದೇ ಅಳತೆಯೊಂದಿಗೆ ಹೋಲಿಸಿ ನೋಡಿ. ಅಂಗಳ ಎಷ್ಟು ದೊಡ್ಡದು ಎಂಬುದು ಗೊತ್ತಾಗುತ್ತದೆ.

ಪ್ರಶ್ನೆ: ಈಗ ವಿನ್ಯಾಸವೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬಹಳಷ್ಟು ನಡೆಯುತ್ತದೆ, ಆದರೂ ದೊಡ್ಡ ಕಂಪನಿಗಳು ಮಣ್ಣಿನಲ್ಲಿ ಕಾರಿನ ಮಾದರಿ ಮಾಡುವುದನ್ನು ಬಿಟ್ಟಿಲ್ಲ. ಅದು ಕುಂಬಾರರ ಜೇಡಿಯಲ್ಲ. ಮೇಣ ಬೆರೆತ, ಬಿಸಿ ಮಾಡಿದರೆ ಮೆತ್ತಗಾಗುವ ಕಂದು ಮಣ್ಣು. ಫೋಮಿನ ಅಚ್ಚಿನ ಮೇಲೆ ಅದನ್ನು ಮೆತ್ತಿ, ಉಕ್ಕಿನ ಪಟ್ಟಿಯಿಂದ ಎಳೆ ಎಳೆಯಾಗಿ ಹೆರೆದು, ಮೇಲೆ ಬಣ್ಣದಂತೆ ಹೊಳೆಯುವ ತೆಳು ಹಾಳೆ ಹೊದಿಸುತ್ತಾರೆ. ಬಳಿಕ ಚಾವಣಿಯ ಉದ್ದನೆಯ ದೀಪಗಳ ಪ್ರತಿಬಿಂಬ ಮೈಮೇಲೆ ಹರಿಯುವುದನ್ನು ನೋಡುತ್ತ ಸುತ್ತು ಹಾಕುತ್ತಾರೆ. ಬೆಳಕಿನ ಗೆರೆ ಎಲ್ಲಾದರೂ ನಡುಗಿದರೆ ಅಲ್ಲಿ ಮತ್ತೆ ಹೆರೆಯಬೇಕೆಂದೇ ಅರ್ಥ.

ಪ್ರಶ್ನೆ: ನಾನು ನಲವತ್ತು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಮುಂದೆ ಸ್ಟೀರಿಂಗೇ ಇರುವುದಿಲ್ಲ ಎನ್ನುತ್ತಾರಲ್ಲ, ನಿಜವೇ?
– ನಿವೃತ್ತ ಉಪನ್ಯಾಸಕರು, ಮಂಗಳೂರು

ಉತ್ತರ: ಸದ್ಯಕ್ಕೆ ನೀವು ನಿಶ್ಚಿಂತೆಯಿಂದಿರಬಹುದು. 2015ರಲ್ಲಿ ಲಾಸ್ ವೇಗಸ್‌ನಲ್ಲಿ ಮರ್ಸಿಡಿಸ್ ಎಫ್ 015 ನಾಲ್ಕು ಆಸನಗಳನ್ನು ಪಡಸಾಲೆಯಲ್ಲಿದ್ದಂತೆ ಎದುರುಬದುರು ತಿರುಗಿಸಿತು. ಮರುವರ್ಷ ರೋಲ್ಸ್-ರಾಯ್ಸ್ 103ಇಎಕ್ಸ್ ಸ್ಟೀರಿಂಗನ್ನೇ ತೆಗೆದುಹಾಕಿ, ರೇಷ್ಮೆ ಹೊದಿಸಿದ ಸೋಫಾ ಹಾಕಿ, ಎಲಿನರ್ ಎಂಬ ಅದೃಶ್ಯ ಸಹಾಯಕಿಯ ಕೈಗೆ ಕಾರನ್ನು ಒಪ್ಪಿಸಿತು. ಆ ಕನಸಿನಿಂದ ರಸ್ತೆಗೆ ಬಂದದ್ದು ಎಷ್ಟು? 2022ರಲ್ಲಿ ಜರ್ಮನಿಯ ಹೆದ್ದಾರಿಗಳಲ್ಲಿ, ದಟ್ಟಣೆಯ ನಡುವೆ, ಗಂಟೆಗೆ 60 ಕಿ.ಮೀ. ವೇಗದವರೆಗೆ ಕೈಬಿಟ್ಟು ಕೂರಲು ಮರ್ಸಿಡಿಸ್ ಗಿರಾಕಿಗಳಿಗೆ ಅವಕಾಶ ಸಿಕ್ಕಿತು. ಅದೂ ಕಾರು ಕರೆದಾಗ ಚಾಲಕರು ಸ್ಟೀರಿಂಗ್ ಹಿಡಿಯಲು ಸಿದ್ಧರಿರಬೇಕೆಂಬ ಷರತ್ತಿನ ಮೇಲೆ.

ಮತ್ತೊಂದು ಸಮಾಚಾರವೂ ನಿಮಗೆ ಸಮಾಧಾನ ತರಬಹುದು. ಎಲ್ಲವನ್ನೂ ಪರದೆಯೊಳಗೆ ತುಂಬಿದ ಕಾರುಗಳಿಗೆ ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುರೋ ಎನ್‌ಕ್ಯಾಪ್ 2026ರಿಂದ ಪೂರ್ಣ ಅಂಕ ಕೊಡುವುದಿಲ್ಲ. ಇಂಡಿಕೇಟರ್, ಹಾರ್ನ್, ವೈಪರ್ ಮುಂತಾದವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇರಬೇಕೆಂಬುದು ಅದರ ಅಪೇಕ್ಷೆ.

ಪ್ರಶ್ನೆ: ಇಂಥ ಕಾರುಗಳಲ್ಲಿ ನಮ್ಮವರ ಪಾಲೇನಾದರೂ ಇದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ. 2008ರಿಂದ ಜಾಗ್ವಾರ್ ಟಾಟಾ ಸಮೂಹದ ಒಡೆತನದಲ್ಲಿದೆ. ಇಟಲಿಯ ಹೆಸರಾಂತ ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾವನ್ನು ಕೊಂಡದ್ದು ಮಹೀಂದ್ರ ಸಮೂಹ. ಮರ್ಸಿಡಿಸ್ ಸಂಸ್ಥೆಯ ಬೆಂಗಳೂರಿನ ಸಂಶೋಧನಾ ಕೇಂದ್ರ ವಿಷನ್ ಇಕ್ಯೂಎಕ್ಸ್‌ಎಕ್ಸ್ ಕಾನ್ಸೆಪ್ಟ್ ತಯಾರಿಯಲ್ಲಿ ಕೈಜೋಡಿಸಿತ್ತು. ಹಿಂದಕ್ಕೆ ಹೋದಂತೆ ಕಿರಿದಾಗುವ ಮೈಯಿಂದಾಗಿ ಗಾಳಿಯ ತಡೆಯ ಗುಣಾಂಕ 0.17ಕ್ಕೆ ಇಳಿದ ಆ ಕಾರು 2022ರ ಏಪ್ರಿಲ್‌ನಲ್ಲಿ ಜರ್ಮನಿಯ ಸಿಂಡೆಲ್‌ಫಿಂಗನ್‌ನಿಂದ ಫ್ರಾನ್ಸಿನ ಕ್ಯಾಸಿಸ್‌ವರೆಗೆ ಒಂದೇ ಚಾರ್ಜಿನಲ್ಲಿ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಓಡಿತು.